ಗುಳೆ ಹೋದವರ ಮಕ್ಕಳು, ಊರಲ್ಲುಳಿದ ಅಜ್ಜಿಯರು

ದೀಪಾವಳಿ ಕಳೆದು ವಾರ ತುಂಬುವುದರೊಳಗೆ ನಮ್ಮ ಶಾಲೆಯಲ್ಲಿ ಅನ್ನ ಉಳಿಯತೊಡಗುತ್ತದೆ. ಬಿಸಿಯೂಟದ ಅಡುಗೆಯವರು ನಿನ್ನೆಯ ಅಂದಾಜಿನಲ್ಲೇ ಅಕ್ಕಿ ಅಳೆದಿರುತ್ತಾರೆ, ಉಣ್ಣುವವರು ಕಡಿಮೆಯಾಗಿರುತ್ತಾರೆ. ಯಾವ ಮನೆಗೆ ಬೀಗ ಬಿತ್ತು ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ತಿಳಿಯುತ್ತದೆ. ರಾಯಚೂರು ಜಿಲ್ಲೆಯ, ಕಾಲುವೆ ನೀರು ಮುಟ್ಟದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಊರವರ ಬಾಯಲ್ಲಿ ನಾನು ‘ಅಕ್ಕೋರು’. ಇಲ್ಲಿ ಹೊಲವಿದ್ದವರು ಹತ್ತಿ ಬಿಡಿಸಲು ಉಳಿಯುತ್ತಾರೆ. ಹೊಲವಿಲ್ಲದವರು, ಸಾಲ ಕುತ್ತಿಗೆಗೆ ಬಂದವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುತ್ತಾರೆ. ತಿರುಗಿ ಬರುವುದು ಯುಗಾದಿಗೆ, ಕೆಲವರು ಕಾರಹುಣ್ಣಿಮೆಗೆ. ಮಕ್ಕಳು ಜೊತೆಗೆ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಉಳಿಯುತ್ತಾರೆ.

ಇಲ್ಲಿಗೆ ಬಂದ ಹೊಸದರಲ್ಲಿ ನಾನು ಮಾಡಿದ್ದು ತಪ್ಪು ಕೆಲಸ. ಐದನೆಯ ತರಗತಿಯ ಹುಡುಗನೊಬ್ಬ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಒಂದು ಬೆಳಗ್ಗೆ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಮನೆಗೆ ಹೋದೆ. ಅಜ್ಜಿ ಒಲೆ ಮುಂದೆ ಕೂತಿದ್ದಳು. ಕಳಿಸದಿದ್ದರೆ ಕೇಸಾಗುತ್ತದೆ ಎಂದು ಹೆದರಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆಯೇ ಹೊರತು, ಕಳಿಸದ ಬಡವರನ್ನು ಜೈಲಿಗೆ ಹಾಕಿ ಎನ್ನುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು, ಅಜ್ಜಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಹೋದಾಗ ಬಾಗಿಲಿಗೆ ಬೀಗ. ಮೊಮ್ಮಗನನ್ನು ಕರೆದುಕೊಂಡು ಬೆಂಗಳೂರಿನ ಮಗಳ ಬಳಿಗೆ ಹೊರಟುಹೋಗಿದ್ದಳು. ಆ ಹುಡುಗ ಮತ್ತೆ ನಮ್ಮ ಶಾಲೆಗೆ ಬರಲಿಲ್ಲ.

ಅವನು ಏಕೆ ತಪ್ಪಿಸುತ್ತಿದ್ದ ಎಂಬುದನ್ನು ಪಕ್ಕದ ಮನೆಯವಳು ಆಮೇಲೆ ಹೇಳಿದಳು. ನ್ಯಾಯಬೆಲೆ ಅಂಗಡಿಯ ಯಂತ್ರ ಅಜ್ಜಿಯ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಜೀವಮಾನವಿಡೀ ಕಳೆ ಕಿತ್ತ ಕೈ, ಬೆರಳಿನ ಗೆರೆಗಳು ಸವೆದುಹೋಗಿದ್ದವು. ಪಡಿತರ ಚೀಟಿಯಲ್ಲಿ ಹೆಸರಿದ್ದು ಊರಲ್ಲಿದ್ದ ಇನ್ನೊಂದು ಬೆರಳೆಂದರೆ ಮೊಮ್ಮಗನದು. ಸರ್ವರ್ ನಿಂತರೆ ಎರಡು ದಿನ, ಮೂರು ದಿನ ಸರದಿಯಲ್ಲಿ ಕಾಯಬೇಕು. ಉಳಿದ ದಿನ ಅಜ್ಜಿಯ ಮೊಣಕಾಲು ನೋವಿಗೆ ಅವನೇ ನೀರು ತರುವವನು. ಶಾಲೆ ತಪ್ಪಿಸುವ ಹುಡುಗ ಎಂದು ನಾನು ಬರೆದುಕೊಂಡಿದ್ದವನು ಮನೆ ನಡೆಸುವ ಹುಡುಗನಾಗಿದ್ದ.

ಅಂದಿನಿಂದ ಹಾಜರಿ ಪುಸ್ತಕವನ್ನು ಯಾರ ಮನೆಗೂ ಒಯ್ದಿಲ್ಲ. ನಮ್ಮೂರಲ್ಲಿ ಪುಸ್ತಕ ಹಿಡಿದು ಬಾಗಿಲಿಗೆ ಬರುವವರು ಸಾಲದ ವಾರದ ಕಂತು ವಸೂಲಿ ಮಾಡುವವರು. ನನ್ನನ್ನು ಕಂಡಾಗಲೂ ಜನ ಹಿತ್ತಲಿಗೆ ಹೋಗಿಬಿಡುತ್ತಿದ್ದುದು ಅದಕ್ಕೇ ಇರಬೇಕು. ಈಗ ಹೋಗುವುದು ಸಂಜೆ, ರೊಟ್ಟಿ ಬಡಿಯುವ ಹೊತ್ತಿಗೆ. ಆಗ ಯಾರಾದರೂ ಮನೆಯಲ್ಲಿರುತ್ತಾರೆ, ಕೈ ಕೆಲಸದಲ್ಲಿರುವುದರಿಂದ ಮಾತು ಸಲೀಸು. ‘ಏಕೆ ಕಳಿಸಲಿಲ್ಲ’ ಎಂದು ಕೇಳುವುದಿಲ್ಲ. ‘ಬೆಳಗ್ಗೆ ಎದ್ದ ಮೇಲೆ ಇವನು ಏನೇನು ಮಾಡುತ್ತಾನೆ, ಅಮ್ಮಾ?’ ಎಂದು ಕೇಳುತ್ತೇನೆ. ಉತ್ತರ ಅದರಲ್ಲೇ ಬರುತ್ತದೆ. ಏಳು ದಿನ ಸತತ ಗೈರಾದ ಮೇಲೆ ಹುಡುಕಲು ಹೊರಟರೆ ಬಸ್ಸು ಹೋಗಿರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಮೂರನೆಯ ದಿನವೇ ಸಂಜೆಯ ನಡಿಗೆ.

ನಮ್ಮ ಶಾಲೆಗಳ ಕಾಗದಪತ್ರಗಳೆಲ್ಲ ತಂದೆ ತಾಯಿ ಮನೆಯಲ್ಲಿದ್ದಾರೆ ಎಂದು ನಂಬಿಕೊಂಡು ತಯಾರಾದವು. ಪೋಷಕರ ಸಹಿ, ಪೋಷಕರ ಮೊಬೈಲ್, ಪೋಷಕರ ಸಭೆ. ಸಭೆಗೆ ಬರುವವರು ಬರದಿದ್ದರೂ ನಡೆಯುವಂಥವರು ಎಂಬುದು ಬೇರೆ ಮಾತು. ನಾನು ಮಾಡಿದ ದೊಡ್ಡ ಬದಲಾವಣೆ ಸಣ್ಣದು: ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ‘ಈಗ ಉಣಿಸುವವರು ಯಾರು’ ಎಂಬ ಒಂದು ಕಲಂ ಹಾಕಿದೆ. ಅಜ್ಜಿ, ದೊಡ್ಡಮ್ಮ, ಒಂದು ಕಡೆ ಹದಿನಾರರ ಅಕ್ಕ. ಸಭೆ ಕರೆದಾಗ ಅವರನ್ನು ಕರೆಯುತ್ತೇನೆ, ಮಗುವಿನ ಮೊದಲ ಕನ್ನಡ ಕಾಪಿಯನ್ನು ಅವರಿಗೆ ತೋರಿಸುತ್ತೇನೆ. ಅಕ್ಷರ ಬಾರದಿದ್ದರೂ ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

ಕಾಗದಪತ್ರದ ಕೆಲಸದಲ್ಲಿ ಬೆವರಿಳಿದದ್ದು ಒಂದು ಮನೆಯ ವಿಷಯದಲ್ಲಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತಂದೆ ತೀರಿಕೊಂಡಿದ್ದ, ತಾಯಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಇಬ್ಬರು ಮಕ್ಕಳು ಅಜ್ಜಿಯ ಬಳಿ. ಮಕ್ಕಳ ರಕ್ಷಣೆಗೆಂದು ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆಯರ ಮಕ್ಕಳಿಗೆ, ಬಂಧುಗಳ ಬಳಿ ಬೆಳೆಯುವ ಅನಾಥರಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಬಂತು, ವ್ಯಾಸಂಗ ಪ್ರಮಾಣಪತ್ರ ನಮ್ಮ ಕೈಯಲ್ಲೇ ಇತ್ತು. ಸಿಕ್ಕಿಬಿದ್ದದ್ದು ಮರಣ ಪ್ರಮಾಣಪತ್ರದಲ್ಲಿ. ಅವನು ಸತ್ತದ್ದು ಬೇರೆ ಊರಿನ ಕೆಲಸದ ಜಾಗದಲ್ಲಿ, ಶವ ಊರಿಗೆ ಬಂತು, ಮಣ್ಣಾಯಿತು, ಯಾರೂ ಎಲ್ಲಿಯೂ ಬರೆಸಲಿಲ್ಲ. ಸಾವು ನೋಂದಣಿಯಾಗಬೇಕಾದದ್ದು ಸತ್ತ ಊರಿನಲ್ಲಿ, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಪಂಚಾಯಿತಿಯ ಹಳೆಯ ಬಿಲ್ ಕಲೆಕ್ಟರ್. ತಾಯಿ ಎರಡು ಸಲ ಕೂಲಿ ಬಿಟ್ಟು ಆ ಊರಿಗೆ ಹೋಗಿಬಂದಳು. ಅರ್ಜಿ ಪೂರ್ತಿಯಾಗುವ ಹೊತ್ತಿಗೆ ಒಂದು ಗುಳೆ ಕಾಲ ಕಳೆದು ಇನ್ನೊಂದು ಹತ್ತಿರವಾಗಿತ್ತು. ದುಡ್ಡು ಬರತೊಡಗಿದ ಮೇಲೂ ತಾಯಿ ಗುಳೆ ಹೋಗುವುದು ನಿಲ್ಲಲಿಲ್ಲ, ಸಾಲ ಇನ್ನೂ ಇತ್ತು. ಆದರೆ ದೊಡ್ಡ ಹುಡುಗನನ್ನು ಹತ್ತಿ ಬಿಡಿಸಲು ಕಳಿಸುವುದು ನಿಂತಿತು. ಸಾವಿನ ನೋಂದಣಿಯ ವಿಷಯವನ್ನು ಈಗ ಸಾವಾದ ಮನೆಗೆ ಮಾತನಾಡಿಸಲು ಹೋದಾಗಲೇ ಹೇಳುತ್ತೇನೆ. ಹೇಳಬಾರದ ಹೊತ್ತು ಎನಿಸುತ್ತದೆ, ಆದರೂ ಹೇಳುತ್ತೇನೆ.

ಇನ್ನೊಂದು ಹುಡುಗಿ ಎರಡು ವರ್ಷದ ತಮ್ಮನನ್ನು ಸೊಂಟದಲ್ಲಿ ಹೊತ್ತು ಶಾಲೆಯ ಗೇಟಿನವರೆಗೆ ಬಂದು, ಪ್ರಾರ್ಥನೆ ಕೇಳಿ ತಿರುಗಿ ಹೋಗುತ್ತಿದ್ದಳು. ಒಳಗೆ ಕೂರಿಸಿದೆ. ಸಹೋದ್ಯೋಗಿಯೊಬ್ಬರು ಇದು ಶಾಲೆಯೋ ತೊಟ್ಟಿಲ ಮನೆಯೋ ಎಂದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ, ಮಗು ಅತ್ತರೆ ಗುಣಾಕಾರ ನಿಲ್ಲುತ್ತಿತ್ತು. ಅಂಗನವಾಡಿ ಕಾರ್ಯಕರ್ತೆ, ಮೂರು ತುಂಬದ ಮಗುವನ್ನು ದಿನವಿಡೀ ಇಟ್ಟುಕೊಳ್ಳುವುದು ತನ್ನ ಕೆಲಸವಲ್ಲ ಎಂದಳು, ಅದೂ ನಿಜವೇ. ಕೊನೆಗೆ ಆದದ್ದು ಬಿಸಿಯೂಟದ ಅಡುಗೆಯವರಿಂದ. ‘ನಮ್ಮ ಕಣ್ಣ ಮುಂದೆ ಆಡಿಕೊಂಡಿರಲಿ ಬಿಡಿ, ಅಕ್ಕೋರೇ’ ಎಂದರು. ಒಲೆಯಿಂದ ದೂರ, ಜಗಲಿಯ ಕಂಬದ ಬಳಿ ಒಂದು ಚಾಪೆ. ಮಧ್ಯಾಹ್ನದ ಮೇಲೆ ನಾವು ಶಿಕ್ಷಕರು ಸರದಿಯಲ್ಲಿ. ತೊಟ್ಟಿಲ ಮನೆ ಎಂದವರೂ ಸರದಿಗೆ ಬಂದರು. ಯಾವ ಸುತ್ತೋಲೆಯಲ್ಲೂ ಇಲ್ಲದ ಏರ್ಪಾಡು, ಎಲ್ಲ ಕಡೆ ನಡೆಯುವುದಿಲ್ಲ.

ಊರಲ್ಲುಳಿದ ಮಕ್ಕಳು ಗುಳೆ ಶುರುವಾದ ಮೊದಲ ಹದಿನೈದು ದಿನ ಸರಿಯಾಗಿ ಉಣ್ಣುವುದಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಾರೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ, ಒಬ್ಬಳು ಅರ್ಧ ಮೊಟ್ಟೆಯನ್ನು ಲಂಗದ ಚುಂಗಿನಲ್ಲಿ ಕಟ್ಟಿಕೊಂಡದ್ದನ್ನು ನೋಡಿದೆ. ಅವ್ವನಿಗೆ ಎಂದಳು. ಅವ್ವ ಇದ್ದದ್ದು ಬೆಂಗಳೂರಿನಲ್ಲಿ. ಅದಾದ ಮೇಲೆ ನನ್ನ ಮೊಬೈಲಿನಿಂದ ಕರೆ ಮಾಡಿಸತೊಡಗಿದೆ. ಮೊದಲು ಶನಿವಾರ ಶಾಲೆ ಬಿಟ್ಟ ಮೇಲೆ ಮಾಡಿಸುತ್ತಿದ್ದೆ, ಯಾರೂ ಎತ್ತುತ್ತಿರಲಿಲ್ಲ. ಶನಿವಾರ ಅಲ್ಲಿ ಬಟವಾಡೆಯ ದಿನ, ಕೆಲಸ ಸಂಜೆಯವರೆಗೆ. ಈಗ ಬುಧವಾರ ಮಧ್ಯಾಹ್ನ, ಅಲ್ಲಿಯೂ ಊಟದ ಬಿಡುವು, ಇಲ್ಲಿಯೂ. ಅವ್ವ ಬುತ್ತಿ ಬಿಚ್ಚಿದ್ದಾಳೆ, ಮಗು ತಟ್ಟೆ ಹಿಡಿದಿದೆ. ಒಬ್ಬರಿಗೆ ಎರಡೇ ನಿಮಿಷ. ಮಾತು ಹೆಚ್ಚಿರುವುದಿಲ್ಲ, ‘ಏನು ಸಾರು’ ಎಂದು ಇವರು ಕೇಳುತ್ತಾರೆ, ಅವರೂ ಅದನ್ನೇ ಕೇಳುತ್ತಾರೆ. ಊಟ ಮಾತ್ರ ಮುಗಿಯುತ್ತದೆ.

ಜೊತೆಗೆ ಹೊರಡುವ ಮಕ್ಕಳಿಗೆ ಒಂದು ಬಿಳಿ ಹಾಳೆಯಲ್ಲಿ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಆ ಮಗುವಿನ ಗುರುತು), ನಮ್ಮ ಶಾಲೆಯ ಮೊಹರು, ನನ್ನ ನಂಬರ್ ಬರೆದುಕೊಡುತ್ತೇನೆ. ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳಿಸುವಂತಿಲ್ಲ, ಇದು ಅದೇ 2009ರ ಕಾಯ್ದೆಯಲ್ಲಿದೆ. ಅದನ್ನೂ ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಬರೆದಿರುತ್ತೇನೆ. ಹಲವು ಹಾಳೆಗಳು ಕೆಲಸದ ಜಾಗದ ಶೆಡ್ಡಿನಲ್ಲೇ ಒದ್ದೆಯಾಗಿ ಹೋಗುತ್ತವೆ. ಕೆಲವು ಶಾಲೆಯ ಬಾಗಿಲು ತಲುಪುತ್ತವೆ, ಅಲ್ಲಿನ ಮುಖ್ಯೋಪಾಧ್ಯಾಯರಿಂದ ನನಗೆ ಕರೆ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಲು ಆರಂಭಿಸಿದ್ದು ಕಳೆದ ವರ್ಷ, ಮೊದಲೇ ಹೊಳೆಯಬೇಕಿತ್ತು.

ಸಂಜೆಯ ಮಾತಿನಲ್ಲಿ ಬಗೆಹರಿಯದವೂ ಇವೆ. ಏಳನೆಯ ತರಗತಿಯ ಹುಡುಗಿಗೆ ಗುಳೆ ಹೋಗುವ ಮುನ್ನ ಮದುವೆ ಮಾಡಿ ‘ಭಾರ ಇಳಿಸಿ’ ಹೋಗುವ ಮಾತು ಎದ್ದಾಗ ನಾನು ಅಜ್ಜಿಯನ್ನು ಒಪ್ಪಿಸುತ್ತ ಕೂರಲಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಮದುವೆ ನಿಂತಿತು, ಆ ಮನೆಯವರು ನನ್ನ ಜೊತೆ ವರ್ಷವಿಡೀ ಮಾತು ಬಿಟ್ಟರು. ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು, ಮುಚ್ಚಿಟ್ಟ ಶಿಕ್ಷಕರೂ ಅಪರಾಧಿಗಳೇ. ಅಂಥಲ್ಲಿ ಊರ ಹಿರಿಯರ ಪಂಚಾಯಿತಿಗೆ ನಾನು ಕೂರುವುದಿಲ್ಲ.

ನೋಟ್‌ಬುಕ್ಕಿನ ದೊಡ್ಡ ತೊಂದರೆ ಎಂದರೆ ನಂಬರುಗಳು. ಸಿಮ್ ಬದಲಾಗುತ್ತದೆ, ಮೇಸ್ತ್ರಿ ಬದಲಾಗುತ್ತಾನೆ, ನವೆಂಬರಿನಲ್ಲಿ ಬರೆದುಕೊಂಡದ್ದು ಜನವರಿಗೆ ಸತ್ತಿರುತ್ತದೆ. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದೆ. ಕೊಡಲು ಹಿಂಜರಿಯುವವರೇ ಹೆಚ್ಚು. ಈ ಸಲ ದೀಪಾವಳಿಯ ಮರುದಿನ ಗಂಟು ಮೂಟೆಯೊಂದಿಗೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ರಸ್ತೆ ದಾಟಿ ನಾನಿದ್ದಲ್ಲಿಗೆ ಬಂದಳು. ಮಗ ಅಜ್ಜಿಯ ಕೈ ಹಿಡಿದು ಹಿಂದೆಯೇ ನಿಂತಿದ್ದ. ‘ಬರೆದುಕೊಳ್ಳಿ ಅಕ್ಕೋರೇ, ಹೊಸ ನಂಬರ್’ ಎಂದು ಬೆರಳು ಮಡಚುತ್ತ ಹೇಳತೊಡಗಿದಳು. ಕೊನೆಯಲ್ಲಿ ತಡವರಿಸಿ ಏಳು ಎಂದಳು.

‘ಏಳಲ್ಲ ಅವ್ವ, ಒಂಬತ್ತು’ ಎಂದ ಹುಡುಗ.