ಬಾಗಿಲ ತನಕ ಬಂದು ವಾಪಸ್ ಹೋಗುತ್ತಿದ್ದವರು

ಅದು ಆರು ತಿಂಗಳ ಆರ್ಟಿಸ್ಟ್ ರೆಸಿಡೆನ್ಸಿ, ಅಂದರೆ ಕಲಾವಿದರು ಒಂದು ಕಡೆ ಇದ್ದುಕೊಂಡು ಕೆಲಸ ಮಾಡುವ ಏರ್ಪಾಡು. ಬಡಾವಣೆಯ ನಡುವೆ ಹಳೇ ಸಾಮಾನು ತುಂಬಿದ್ದ ಒಂದು ಉದ್ದನೆಯ ಕೋಣೆ ಇತ್ತು. ಅಲ್ಲಿನ ನಿವಾಸಿಗಳ ಜೊತೆ ಸೇರಿ ಅದನ್ನು ಯಾರು ಬೇಕಾದರೂ ಬಂದು ಹೋಗುವಂಥ ಕಲಾ ಜಾಗ ಮಾಡಬೇಕಿತ್ತು. ನಾನು ಹೋಗಿದ್ದೇ ನಕ್ಷೆ ಹಿಡಿದುಕೊಂಡು. ಬಿಳಿ ಗೋಡೆ, ಮೂರು ಮೆಟ್ಟಿಲು ಹತ್ತಿ ಬರುವ ಚಂದದ ಮುಂಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಮೇಜು, ಅದರ ಹಿಂದೆ ನಗುನಗುತ್ತಾ ಸ್ವಾಗತಿಸುವ ಒಬ್ಬರು. ಜನರಿಗೆ ತೋರಿಸಿ ಒಪ್ಪಿಗೆ ತಗೊಂಡರೆ ಮುಗಿಯಿತು ಅಂದುಕೊಂಡಿದ್ದೆ.

ಮೊದಲ ಸಭೆಗೆ 11 ಜನ ಬಂದರು. ಎಲ್ಲರೂ ತಲೆಯಾಡಿಸಿ "ಚೆನ್ನಾಗಿದೆ ಮೇಡಂ" ಅಂದರು. ಎರಡನೇ ಸಭೆಗೆ 3 ಜನ.

ಆ ಸಂಜೆ ಶೆರ್ರಿ ಅರ್ನ್‌ಸ್ಟೈನ್ ನೆನಪಾದರು. ಊರು ಕಟ್ಟುವ ಕೆಲಸದಲ್ಲಿ ಜನರ ಪಾಲು ಎಷ್ಟು ಎನ್ನುವುದನ್ನು 1969ರಲ್ಲೇ 8 ಮೆಟ್ಟಿಲಿನ ಏಣಿಯಾಗಿ ವಿವರಿಸಿದವರು ಅವರು. ಅಭಿಪ್ರಾಯ ಕೇಳುವುದು ಆ ಏಣಿಯ 4ನೇ ಮೆಟ್ಟಿಲು. ನಿರ್ಧಾರ ಹಂಚಿಕೊಳ್ಳುವುದು 6ರಿಂದ ಶುರು. ನನ್ನದು 4ರ ತನಕವೂ ಹೋಗಿರಲಿಲ್ಲ. ಸುಮ್ನೆ ತಿಳಿಸಿ ಬಂದಿದ್ದೆ, ಅಷ್ಟೇ.

ಸಭೆ ಕರೆಯುವುದನ್ನು ಬಿಟ್ಟೆ. ಒಂದು ಮೇಜನ್ನು ಹೊರಗೆ, ಬಾಗಿಲ ಪಕ್ಕ ಹಾಕಿಕೊಂಡು ಎರಡು ವಾರ ಅಲ್ಲೇ ಕೂತು ಚಿತ್ರ ಬರೆದೆ. ಪಕ್ಕದಲ್ಲಿ ಕಾಗದ, ಇದ್ದಿಲು ಇಟ್ಟಿದ್ದೆ. ಯಾರನ್ನೂ ಕರೆಯಲಿಲ್ಲ. ಆಗ ಕಂಡದ್ದು, ತುಂಬಾ ಜನ ಬಾಗಿಲ ತನಕ ಬರುತ್ತಾರೆ, ಇಣುಕುತ್ತಾರೆ, ವಾಪಸ್ ಹೋಗುತ್ತಾರೆ. ದಿನಾ ಹೀಗೆ ಮಾಡುತ್ತಿದ್ದ ಒಬ್ಬರನ್ನು ಕೊನೆಗೆ ಕೇಳಿಯೇ ಬಿಟ್ಟೆ. "ಒಳಗೆ ಹೋದ್ರೆ ಯಾರಾದ್ರೂ ಬಂದು ನಿಮಗೇನು ಬರುತ್ತೆ ಅಂತ ಕೇಳ್ತಾರಲ್ವಾ? ನನಗೆ ಏನೂ ಬರಲ್ಲ" ಅಂದರು. ನಾನು ಸ್ವಾಗತ ಅಂದುಕೊಂಡು ನಕ್ಷೆಯಲ್ಲಿ ಬರೆದಿದ್ದ ಆ ಮೇಜು ಅವರ ಪಾಲಿಗೆ ವಿಚಾರಣೆಯ ಮೇಜು! ಅವರಿಗೆ ಬೇಕಾಗಿದ್ದು ಸುಮ್ಮನೆ ನೋಡಿಕೊಂಡು, ಯಾರಿಗೂ ಉತ್ತರ ಕೊಡದೆ ಹೊರಟುಹೋಗುವ ಅವಕಾಶ.

ಅಲ್ಲಿಂದ ನಕ್ಷೆ ಮೂಲೆ ಸೇರಿತು. ಕೋಣೆ ಖಾಲಿ ಮಾಡಿ, ಬಣ್ಣದ ಟೇಪಿನಿಂದ ನೆಲದ ಮೇಲೇ ನಿಜವಾದ ಅಳತೆಯಲ್ಲಿ ಗೆರೆ ಹಾಕಿದೆವು. ರಟ್ಟಿನ ಡಬ್ಬಗಳೇ ಮೇಜು, ಡಬ್ಬಗಳೇ ಕಪಾಟು. ಕಾಗದದ ಮೇಲಿನ ಗೆರೆಗೆ ಎಲ್ಲರೂ ಹೂಂ ಅನ್ನುತ್ತಾರೆ. ಆದರೆ ರಟ್ಟಿನ ಡಬ್ಬ ಕಾಲಿಗೆ ತಾಗಿದರೆ ಒದ್ದು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಬೇಕಿದ್ದದ್ದು ಆ ಒದೆತವೇ.

ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಒಬ್ಬರು ಟೇಪಿನ ಗೆರೆಗಳ ನಡುವೆ ಒಂದು ಸುತ್ತು ಹಾಕಿ ತೋರಿಸಿದರು. ನೇರ ದಾರಿಗೆ ನಾನು ಬಿಟ್ಟಿದ್ದ 90 ಸೆಂ.ಮೀ. ಸಾಕಾಯಿತು. ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರು. ಪೂರ್ತಿ ತಿರುಗಲು ಸುಮಾರು 1.5 ಮೀಟರ್ ಅಡ್ಡಳತೆಯ ಜಾಗ ಬೇಕು. ಈ ಅಂಕಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವರ ಕೈ ಗೋಡೆಗೆ ಉಜ್ಜಿದ್ದನ್ನು ಕಣ್ಣಾರೆ ನೋಡುವ ತನಕ ಅದು ಬರೀ ಅಂಕಿಯಾಗಿತ್ತು.

ಮೆಟ್ಟಿಲಿನ ಗತಿಯೂ ಹಾಗೇ ಆಯಿತು. ಮೂರು ಮೆಟ್ಟಿಲು ಅಂದರೆ 45 ಸೆಂ.ಮೀ. ಎತ್ತರ. ರ‍್ಯಾಂಪಿಗೆ 1ಕ್ಕೆ 12ರ ಇಳಿಜಾರು, ಅಂದರೆ 1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ, ಹಿಡಿದರೆ 5.4 ಮೀಟರ್ ಉದ್ದ ಬೇಕು. ಮೇಲೆ, ಕೆಳಗೆ ನಿಲ್ಲುವ ಸಮತಟ್ಟು ಜಾಗ ಬೇರೆ. ಮುಂದೆ ಅಷ್ಟು ಜಾಗವಿರಲಿಲ್ಲ. ರ‍್ಯಾಂಪು ಪಕ್ಕದ ಗೋಡೆಗೆ, ಮೆಟ್ಟಿಲು ಮುಂದೆ ಅಂದೆ ನಾನು. "ಹಾಗಾದ್ರೆ ನಾವು ಹಿತ್ತಿಲ ಬಾಗಿಲಿನವರು" ಅಂದರು ಗಾಲಿಕುರ್ಚಿಯವರು. ಉಳಿದವರೆಲ್ಲ ಒಂದು ಕ್ಷಣ ನನ್ನ ಮುಖ ನೋಡಿದರು. ಮುಂಬಾಗಿಲನ್ನೇ ಮುಚ್ಚಿ ದೊಡ್ಡ ಕಿಟಕಿ ಮಾಡಿದೆವು. ಈಗ ಎಲ್ಲರಿಗೂ ಪಕ್ಕದ ಬಾಗಿಲೇ. ಕಿಟಕಿಯ ಹೊರಗೆ ಒಂದು ಉದ್ದನೆಯ ಬೆಂಚು. ಇಣುಕಿ ಹೋಗುತ್ತಿದ್ದವರು ಮೊದಲು ಅಲ್ಲಿ ಕೂರಲು ಶುರು ಮಾಡಿದರು.

ಒಳಗಿನ ಕುರ್ಚಿಗಳನ್ನು ಯಾವುದಕ್ಕೂ ಬಿಗಿಯಲಿಲ್ಲ. ನ್ಯೂಯಾರ್ಕಿನ ಬಯಲು ಜಾಗಗಳಲ್ಲಿ ಜನ ಹೇಗೆ ಕೂರುತ್ತಾರೆ ಎಂದು ಗಮನಿಸಿದ್ದ ವಿಲಿಯಂ ವೈಟ್, ಕುರ್ಚಿ ಇದ್ದ ಜಾಗವೇ ಸರಿಯಿದ್ದರೂ ಕೂರುವ ಮೊದಲು ಜನ ಅದನ್ನು ಒಂದಿಷ್ಟು ಸರಿಸುತ್ತಾರೆ ಎಂದಿದ್ದರು. ನಾನೂ ನೋಡಿದೆ, ಹೌದು, ಎರಡೇ ಬೆರಳಿನಷ್ಟು ಸರಿಸಿ ಮತ್ತೆ ಅಲ್ಲೇ ಕೂರುತ್ತಾರೆ.

ಜಗಳಗಳೂ ಆದವು. ಹುಡುಗರಿಗೆ ಡ್ರಮ್ ಬೇಕು, ವಯಸ್ಸಾದವರಿಗೆ ಸದ್ದು ಬೇಡ. ನಡುವೆ ಗೋಡೆ ಎಬ್ಬಿಸೋಣ ಎಂದು ನಾನು ಹೊರಟಿದ್ದೆ. ಅವರೇ ಕೂತು ಹೊತ್ತು ಹಂಚಿಕೊಂಡರು, ಖರ್ಚೇ ಇಲ್ಲ. ಗೋಡೆಗೆ ಬಿಳಿ ಬೇಡವೇ ಬೇಡ, ಮಕ್ಕಳ ಕೈ ಎಟಕುವಷ್ಟು ಎತ್ತರಕ್ಕೆ ಗಾಢ ನೀಲಿ ಬಳಿಯಬೇಕು ಅಂದರು. ಬಳಿದೆವು. ಆ ನೀಲಿ ನನಗೆ ಇವತ್ತಿಗೂ ಇಷ್ಟವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಇಲ್ಲಿ ಕೂತು ಯೋಚಿಸುವುದಕ್ಕೆ ನನಗೆ ಸಂಭಾವನೆ ಬರುತ್ತಿತ್ತು. ಅದೇ ಕೆಲಸ ಮಾಡುತ್ತಿದ್ದ ನಿವಾಸಿಗಳಿಗೆ ಸಿಗುತ್ತಿದ್ದದ್ದು ಬರೀ ಥ್ಯಾಂಕ್ಸ್. ಸಾಮಗ್ರಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಅವರ ಸಮಯಕ್ಕೆ ಕೊಡಿಸಿದೆ. ರೆಸಿಡೆನ್ಸಿ ನಡೆಸುವವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆದರೆ ಆಮೇಲೆ ಸಭೆಗಳಲ್ಲಿ "ಚೆನ್ನಾಗಿದೆ ಮೇಡಂ" ಕಡಿಮೆಯಾಗಿ, "ಇದು ಆಗಲ್ಲ" ಜಾಸ್ತಿಯಾಯಿತು.

ಬೀಗದ ಕೈ ಮೂವರು ನಿವಾಸಿಗಳಿಗೆ ಕೊಟ್ಟು ಹೊರಟೆ. ಕೆಲವು ತಿಂಗಳಾದ ಮೇಲೆ ಹೋಗಿ ನೋಡಿದರೆ, ಅಷ್ಟೆಲ್ಲ ವಾದ ಮಾಡಿ ಮೂಲೆಗೆ ಸರಿಸಿದ್ದ ಆ ಸ್ವಾಗತದ ಮೇಜು ಮತ್ತೆ ಬಾಗಿಲಿಗೆ ಎದುರಾಗಿ ಕೂತಿದೆ! ನನಗೆ ಸ್ವಲ್ಪ ಸಿಟ್ಟೇ ಬಂತು. ಅಲ್ಲಿ ಕೂತಿದ್ದಾಕೆಯನ್ನು ಕೇಳಿದೆ.

"ಅಲ್ಲಿ ಮೂಲೇಲಿ ಕೂತ್ರೆ ಮಕ್ಕಳು ರಸ್ತೆಗೆ ಓಡಿದ್ರೂ ನನಗೆ ಕಾಣಲ್ಲ ಮೇಡಂ" ಅಂದರು.

ಆರು ತಿಂಗಳಲ್ಲಿ ಆ ಮೇಜಿನ ಎದುರು ನಿಲ್ಲುವವರನ್ನೆಲ್ಲ ಕೇಳಿದ್ದೆ. ಹಿಂದೆ ಕೂರುವವರನ್ನು ಕೇಳಿರಲಿಲ್ಲ. ಅವರು ಮೇಜಿನ ಮೇಲೆ ಕಾಗದ, ಇದ್ದಿಲು ಹರಡಿಕೊಂಡು ತಾವೇ ಏನೋ ಬರೆಯುತ್ತಾ ಕೂತಿದ್ದರು. ಒಳಗೆ ಬಂದವರನ್ನು ತಲೆಯೆತ್ತಿ ನೋಡುತ್ತಿರಲಿಲ್ಲ, ಹೊರಗೆ ಓಡುವ ಮಕ್ಕಳನ್ನು ಮಾತ್ರ ನೋಡುತ್ತಿದ್ದರು.