ಸಿಂಗಪುರಕ್ಕೆ ಹೊಸದಾಗಿ ಬಂದವರಿಗೆ: ನೆರೆಹೊರೆಯ ರೀತಿ-ರಿವಾಜು

ಇಲ್ಲಿಗೆ ಬಂದ ಹೊಸತರಲ್ಲೇ ಯಾವುದಾದರೂ ಒಂದು ಅರ್ಜಿಯಲ್ಲಿ ‘ರೇಸ್’ ಅನ್ನುವ ಕಾಲಂ ಎದುರಾಗುತ್ತದೆ. ಜಾತಿ ಕೇಳುತ್ತಿದ್ದಾರೆಂದು ಗಾಬರಿಯಾಗಬೇಡಿ, ‘ಇಂಡಿಯನ್’ ಎಂದು ಬರೆದರೆ ಮುಗಿಯಿತು. ಸರ್ಕಾರದ ಲೆಕ್ಕದಲ್ಲಿ ಚೈನೀಸ್, ಮಲಯ್, ಇಂಡಿಯನ್, ಇತರರು ಎಂದು ನಾಲ್ಕೇ ಗುಂಪು. 2020ರ ಜನಗಣತಿಯಂತೆ ನಾಗರಿಕರು ಮತ್ತು ಪಿಆರ್ (ಕಾಯಂ ವಾಸದ ಪರವಾನಗಿ) ಪಡೆದವರಲ್ಲಿ ಚೀನೀಯರು ಶೇ. 74.3, ಮಲಯರು ಶೇ. 13.5, ಭಾರತೀಯ ಮೂಲದವರು ಶೇ. 9. ಗುಂಪು ಬರುವುದು ಹೆತ್ತವರಿಂದ. ಅಪ್ಪ ಅಮ್ಮ ಬೇರೆ ಬೇರೆ ಗುಂಪಿನವರಾಗಿದ್ದರೆ 2011ರಿಂದ ಎರಡನ್ನೂ ಸೇರಿಸಿ ಬರೆಸಬಹುದು.

ಗುರುತಿನ ಚೀಟಿಯಲ್ಲಿರುವ ಆ ಒಂದು ಪದ ನೋಡಿ ಎದುರಿನವರ ಧರ್ಮ, ಊಟ, ಮನೆಮಾತು ಎಲ್ಲವನ್ನೂ ಊಹಿಸಿಕೊಳ್ಳುವುದೇ ಹೊಸಬರು ಮಾಡುವ ದೊಡ್ಡ ಎಡವಟ್ಟು. ಮಲಯರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು ಅನ್ನುವುದು ನಿಜ. ಆದರೆ ಮುಸ್ಲಿಮರೆಲ್ಲ ಮಲಯರಲ್ಲ. ತಮಿಳು ಮುಸ್ಲಿಮರಿದ್ದಾರೆ, ಚೀನೀ ಮುಸ್ಲಿಮರೂ ಇದ್ದಾರೆ. ಚೀನೀಯರಲ್ಲಂತೂ ಬೌದ್ಧರು, ತಾವೊ ಪಂಥದವರು, ಕ್ರೈಸ್ತರು, ಯಾವ ಧರ್ಮವೂ ಬೇಡವೆನ್ನುವವರು ಒಂದೇ ಮನೆಯಲ್ಲಿ ಸಿಗುತ್ತಾರೆ. ಅವರ ಹಿರಿಯರು ದಕ್ಷಿಣ ಚೀನಾದ ಬೇರೆ ಬೇರೆ ಕಡೆಯಿಂದ ಬಂದವರು. ಹೊಕಿಯೆನ್, ಟಿಯೊಚ್ಯೂ, ಕ್ಯಾಂಟನೀಸ್ ಮಾತಾಡುವ ಅಜ್ಜಿಯರು ಈಗಲೂ ಕಾಫಿ ಅಂಗಡಿಗಳಲ್ಲಿ ಕೂತಿರುತ್ತಾರೆ. 1979ರಲ್ಲಿ ಸರ್ಕಾರ ಚೀನೀಯರೆಲ್ಲ ಮ್ಯಾಂಡರಿನ್ ಮಾತಾಡಬೇಕೆಂಬ ಅಭಿಯಾನ ಶುರು ಮಾಡಿದ ಮೇಲೆ ಮೊಮ್ಮಕ್ಕಳಿಗೆ ಆ ಮಾತುಗಳು ತಪ್ಪಿಹೋದವು. ಮನೆಮಾತು ಕೈತಪ್ಪುವ ಸಂಕಟ ನಮ್ಮೊಬ್ಬರದೇ ಅಲ್ಲ.

ಊಟದ ವಿಚಾರ

ಹಾಕರ್ ಸೆಂಟರಿನಲ್ಲಿ (ಒಂದೇ ಸೂರಿನಡಿ ಹಲವು ತಿಂಡಿ ಅಂಗಡಿಗಳಿರುವ ಜಾಗ) ತಿಂದ ತಟ್ಟೆ ಇಡುವ ಜಾಗ ಎರಡಿರುತ್ತದೆ: ಒಂದು ಹಲಾಲ್, ಇನ್ನೊಂದು ಹಲಾಲ್ ಅಲ್ಲದ್ದು. ಬೆರಸಬೇಡಿ. ನೀವು ತಿಂದದ್ದು ಬರೀ ಅನ್ನ, ಸೊಪ್ಪೇ ಆಗಿರಬಹುದು. ಯಾವ ಅಂಗಡಿಯ ತಟ್ಟೆ ಅನ್ನುವುದೇ ಮುಖ್ಯ.

ಸಸ್ಯಾಹಾರಿಗಳು ‘ನೋ ಮೀಟ್’ ಎಂದಷ್ಟೇ ಹೇಳಿದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಒಣ ಸೀಗಡಿ, ಆಯ್ಸ್ಟರ್ ಸಾಸ್ ಬೀಳುವುದು ಇಲ್ಲಿ ಮಾಮೂಲು. ಬೌದ್ಧ ಸಸ್ಯಾಹಾರದ ಅಂಗಡಿ ಹುಡುಕಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಬಳಸುವುದಿಲ್ಲ, ಹಾಗಾಗಿ ಅವನ್ನು ಮುಟ್ಟದ ನಮ್ಮ ಹಿರಿಯರಿಗೂ ನೆಮ್ಮದಿ. ಮೊಟ್ಟೆ ಮಾತ್ರ ಕೇಳಿಕೊಳ್ಳಿ. ತಟ್ಟೆಯಲ್ಲಿ ಹಂದಿ ಮಾಂಸದಂತೆ ಕಾಣುವ ಕೆಂಪು ಚೂರು ಬಂದರೆ ಗಾಬರಿ ಬೇಡ, ಸೋಯಾದಿಂದಲೋ ಗೋಧಿಯಿಂದಲೋ ಮಾಡಿದ್ದಿರುತ್ತದೆ. (ಅದನ್ನು ಹಾಗೇಕೆ ಮಾಡುತ್ತಾರೋ, ನಮ್ಮ ಅಮ್ಮಂದಿರಿಗೆ ಇವತ್ತಿಗೂ ಅರ್ಥವಾಗಿಲ್ಲ.) ಗ್ವಾನ್‌ಯಿನ್ ದೇವಿಗೆ ನಡೆದುಕೊಳ್ಳುವ ಎಷ್ಟೋ ಚೀನೀಯರು ದನದ ಮಾಂಸ ಮುಟ್ಟುವುದಿಲ್ಲ. ಮನೆಗೆ ಕರೆಯುವಾಗ ‘ಏನು ತಿನ್ನಲ್ಲ ಹೇಳಿ’ ಎಂದು ಎಲ್ಲರನ್ನೂ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಯ್ಯಿ, ಸಾವು, ಹಬ್ಬ

ಮದುವೆಗೆ ನಾವು 101, 501 ಎಂದು ಒಂದು ರೂಪಾಯಿ ಸೇರಿಸಿ ಮುಯ್ಯಿ ಮಾಡುವವರು. ಚೀನೀಯರಲ್ಲಿ ಇದು ತಿರುವುಮುರುವು: ಶುಭಕಾರ್ಯಕ್ಕೆ ಸಮಸಂಖ್ಯೆಯ ಹಣ, ಕೆಂಪು ಲಕೋಟೆ, ಸಾವಿನ ಮನೆಗೆ ಬೆಸಸಂಖ್ಯೆ, ಬಿಳಿ ಲಕೋಟೆ. ಸಹೋದ್ಯೋಗಿಯ ಮದುವೆಗೆ ನಮ್ಮ ಲೆಕ್ಕದಲ್ಲಿ 101 ಡಾಲರ್ ಕೊಟ್ಟರೆ ಮುಖ ಹುಳ್ಳಗಾದೀತು. ಸಮಸಂಖ್ಯೆಯಲ್ಲೂ ನಾಲ್ಕನ್ನು ಬಿಡಿ. ಚೀನೀ ಹೊಸವರ್ಷಕ್ಕೆ ಹೋಗುವಾಗ ಕಿತ್ತಳೆ ಜೋಡಿಯಾಗಿ ಒಯ್ದು ಎರಡೂ ಕೈಯಲ್ಲಿ ಕೊಡಿ.

ಎಚ್‌ಡಿಬಿ ಅಂದರೆ ಸರ್ಕಾರಿ ವಸತಿ ಮಂಡಳಿಯ ಕಟ್ಟಡದ ಕೆಳಗಿನ ತೆರೆದ ಜಾಗಕ್ಕೆ ವಾಯ್ಡ್ ಡೆಕ್ ಅನ್ನುತ್ತಾರೆ. ಒಂದು ವಾರ ಅಲ್ಲಿ ಮಲಯರ ಮದುವೆ, ಇನ್ನೊಂದು ವಾರ ಚೀನೀಯರ ಸಾವಿನ ವಿಧಿ. ಚೀನೀಯರಲ್ಲಿ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ದಿನ ಶವ ಇಟ್ಟು ಕಳಿಸುವ ರೂಢಿ. ಮುಸ್ಲಿಮರಲ್ಲಿ ಆದಷ್ಟೂ ಅದೇ ದಿನ ಮಣ್ಣು. ಹಾಗಾಗಿ ಮಲಯ್ ನೆರೆಯವರ ಮನೆಗೆ ‘ನಾಳೆ ಹೋದರಾಯಿತು’ ಎನ್ನಬೇಡಿ. ಚಾಂದ್ರಮಾನದ ಏಳನೇ ತಿಂಗಳಲ್ಲಿ ಚೀನೀಯರು ಪಿತೃಗಳಿಗಾಗಿ ಕಾಗದದ ನೋಟು ಸುಡುತ್ತಾರೆ, ಹುಲ್ಲಿನ ಮೇಲೆ ಊದುಬತ್ತಿ, ಹಣ್ಣು ಇಡುತ್ತಾರೆ. ಮಕ್ಕಳು ಅದನ್ನು ತುಳಿಯದಂತೆ ನೋಡಿಕೊಳ್ಳಿ. ನಮ್ಮಲ್ಲಿ ಪಕ್ಷಮಾಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ತಿಂಗಳು ಬಯಲಲ್ಲಿ ಹಾಡು, ಕುಣಿತ ಇದ್ದರೆ ಮುಂದಿನ ಸಾಲಿನ ಕುರ್ಚಿ ಖಾಲಿಯೆಂದು ಹೋಗಿ ಕೂರಬೇಡಿ, ಅದು ಸತ್ತವರಿಗೆ ಮೀಸಲು.

ಗಡಿಗಳು ಎಲ್ಲ ಕಡೆಯೂ ಗಟ್ಟಿಯಲ್ಲ. ವಾಟರ್‌ಲೂ ಬೀದಿಯ ಕೃಷ್ಣನ ಗುಡಿಗೆ ಒಮ್ಮೆ ಹೋಗಿ ಬನ್ನಿ. ಪಕ್ಕದ ಗ್ವಾನ್‌ಯಿನ್ ಗುಡಿಗೆ ಬಂದ ಚೀನೀ ಭಕ್ತರು ಇಲ್ಲೂ ಊದುಬತ್ತಿ ಹಚ್ಚಿ ಕೈಮುಗಿದು ಹೋಗುತ್ತಾರೆ.

‘ಇಂಡಿಯನ್’ ಒಳಗೆ

ಇಲ್ಲಿನ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ತಮಿಳರು. ಅನೇಕರ ಮುತ್ತಜ್ಜ-ಮುತ್ತಜ್ಜಿಯರು ಬ್ರಿಟಿಷರ ಕಾಲದಲ್ಲೇ ಬಂದವರು. ಚೈನಾಟೌನಿನ ಮಾರಿಯಮ್ಮನ ಗುಡಿ 1827ರದು. ಅಂಥವರನ್ನು ‘ನಿಮ್ಮ ಊರು ಯಾವುದು, ಊರಿಗೆ ಯಾವಾಗ ಹೋಗ್ತೀರಿ’ ಎಂದು ಕೇಳಿದರೆ ಅವರಿಗೆ ಇರುಸುಮುರುಸು. ಅವರ ಊರು ಇಲ್ಲಿನದೇ ಬಡಾವಣೆ ತೋ ಪಾಯೋ ಅಥವಾ ಯಿಶುನ್. ಜಾತಿಯನ್ನಂತೂ ಕೇಳಲೇಬೇಡಿ. ಕಂಪನಿ ಕೆಲಸದ ಮೇಲೆ ಮೊನ್ನೆಮೊನ್ನೆ ಬಂದಿಳಿದ ನಮ್ಮನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವರಿಗೆ ಹಿಡಿಸುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ.

‘ಇಂಡಿಯನ್’ ಅನ್ನುವ ಈ ಪದಕ್ಕೆ ಹಣದ ಲೆಕ್ಕವೂ ಅಂಟಿಕೊಂಡಿದೆ. ಎಂಪ್ಲಾಯ್‌ಮೆಂಟ್ ಪಾಸ್ (ಹೊರದೇಶದವರ ಕೆಲಸದ ಪರವಾನಗಿ) ಇದ್ದವರ ಸಂಬಳದ ಚೀಟಿಯಲ್ಲೂ ‘ಸಿಂಡಾ’ ಎಂದು ಸ್ವಲ್ಪ ಕಡಿತ ಕಾಣುತ್ತದೆ. ಭಾರತೀಯ ಮೂಲದ ಮಕ್ಕಳ ಓದಿಗಾಗಿ 1991ರಲ್ಲಿ ಹುಟ್ಟಿದ ಸಂಸ್ಥೆ ಅದು. ಬೇಡವಾದರೆ ಅರ್ಜಿ ಕೊಟ್ಟು ನಿಲ್ಲಿಸಬಹುದು; ಕೊಡುವುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಮುಂದೆ ಪಿಆರ್ ಸಿಕ್ಕಿ ಎಚ್‌ಡಿಬಿ ಮನೆ ಕೊಳ್ಳುವವರು 1989ರಿಂದ ಜಾರಿಯಲ್ಲಿರುವ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ಒಂದೇ ಗುಂಪಿನವರು ಒಂದೇ ಕಡೆ ತುಂಬಿಕೊಳ್ಳದಂತೆ ಪ್ರತಿ ಕಟ್ಟಡಕ್ಕೂ ಪಾಲು ಗೊತ್ತುಮಾಡಿದ್ದಾರೆ. ‘ಇಂಡಿಯನ್ ಮತ್ತು ಇತರರು’ ಪಾಲು ಮುಗಿದಿದ್ದರೆ ಚೀನೀ ಮಾಲೀಕರ ಮನೆ ನಿಮಗೆ ಸಿಗುವುದಿಲ್ಲ. ಮುಂಗಡ ಕೊಡುವ ಮುನ್ನವೇ ವಿಚಾರಿಸಿ.

ಸರ್ಕಾರಿ ಶಾಲೆಯ ‘ಮಾತೃಭಾಷೆ’ ಪಟ್ಟಿಯಲ್ಲಿ ಕನ್ನಡವಿಲ್ಲ. ತಮಿಳು, ಇಲ್ಲವೇ ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದುಗಳಲ್ಲಿ ಒಂದನ್ನು ಆರಿಸಬೇಕು. ನಮ್ಮವರಲ್ಲಿ ಬಹಳ ಮಂದಿ ಕಣ್ಣುಮುಚ್ಚಿ ಹಿಂದಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ತಮಿಳು ಕೇಳಿ ಬೆಳೆದ ಮಗುವಿಗೆ ತಮಿಳೇ ಸುಲಭವಾದೀತು, ಬಸ್ಸಿನಲ್ಲೂ ಬಳಕೆಗೆ ಬಂದೀತು. ಕನ್ನಡವನ್ನು ಮನೆಯಲ್ಲಿ, ವಾರಾಂತ್ಯದ ತರಗತಿಯಲ್ಲಿ ನೋಡಿಕೊಳ್ಳೋಣ.

ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರೆ ಜಾಗಟೆ, ಹೊಗೆಯ ವಿಷಯ ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿ, ಬಂದವರ ಚಪ್ಪಲಿ ಕಾರಿಡಾರಿಗೆ ಅಡ್ಡವಾಗದಂತೆ ನೋಡಿಕೊಳ್ಳಿ. ಸಿಹಿ ಹಂಚುವಾಗ ಒಂದು ಮಾತು: ದೇವರ ಮುಂದಿಟ್ಟ ನೈವೇದ್ಯವನ್ನು ಮುಸ್ಲಿಮರು, ಕ್ರೈಸ್ತರಲ್ಲೂ ಕೆಲವರು ತಿನ್ನುವುದಿಲ್ಲ. ನೈವೇದ್ಯಕ್ಕೆ ಮೊದಲೇ ಸಜ್ಜಿಗೆಯನ್ನು ಬೇರೆ ಡಬ್ಬಿಗೆ ತೆಗೆದಿಡಿ, ಕೊಡುವಾಗ ಇದು ಪೂಜೆಗೆ ಇಟ್ಟದ್ದಲ್ಲ ಎಂದು ಬಾಯಿಬಿಟ್ಟು ಹೇಳಿ.