ಜಾವಾ, ಕಾಟ್ಲಿನ್ ಬೆರೆತ ಪ್ರಾಜೆಕ್ಟ್ ಕಂಪೈಲ್ ಮಾಡುವ ಕ್ರಮ
ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕಕ್ಕೆಂದು ಜಾವಾದಲ್ಲಿ ಬರೆದ ಹಳೆಯ ತಂತ್ರಾಂಶಕ್ಕೆ ಕಾಟ್ಲಿನ್‌ನಲ್ಲಿ ಹೊಸ ಭಾಗ ಸೇರಿಸುವಾಗ, ಎರಡೂ ಭಾಷೆಗಳ ಕಡತಗಳು ಒಂದನ್ನೊಂದು ಅವಲಂಬಿಸಿದ್ದರೆ, ಕಂಪೈಲ್ ಮಾಡುವ (ಬರೆದ ಕೋಡನ್ನು ಓಡಿಸಬಲ್ಲ ರೂಪಕ್ಕೆ ತರುವ) ಕ್ರಮವೇ ಮುಖ್ಯವಾಗುತ್ತದೆ. ಮೊದಲು ಕಾಟ್ಲಿನ್ ಕಂಪೈಲರ್‌ಗೆ ಎರಡೂ ಬಗೆಯ ಕಡತಗಳನ್ನು ಕೊಡಬೇಕು. ಅದು ಜಾವಾ ಕಡತಗಳನ್ನು ಓದಿಕೊಳ್ಳುತ್ತದೆಯೇ ಹೊರತು ಅವುಗಳ ಕ್ಲಾಸ್ ಫೈಲ್ (ಕಂಪೈಲ್ ಆದ ಕಡತ) ತಯಾರಿಸುವುದಿಲ್ಲ. ಬಳಿಕ ಅದರ ಔಟ್‌ಪುಟ್ ಫೋಲ್ಡರನ್ನು ಕ್ಲಾಸ್‌ಪಾತ್‌ಗೆ (ಕಂಪೈಲರ್ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಿ ಜಾವಾ ಕಂಪೈಲರನ್ನು ಓಡಿಸಬೇಕು. ಕಂಪೈಲ್ ಮಾಡಿ ತಂತ್ರಾಂಶ ಕಟ್ಟುವ (ಬಿಲ್ಡ್) ಸಾಧನಗಳಲ್ಲಿ ಗ್ರೇಡಲ್ ಈ ಕ್ರಮವನ್ನು ತಾನೇ ಪಾಲಿಸುತ್ತದೆ. ಮೇವನ್‌ನಲ್ಲಿ ಕಾಟ್ಲಿನ್ ಪ್ಲಗಿನ್ ಮೊದಲು ಓಡುವಂತೆ ಸಂರಚಿಸದಿದ್ದರೆ, ಜಾವಾ ಕಂಪೈಲರ್‌ಗೆ ಕಾಟ್ಲಿನ್ ಕ್ಲಾಸ್‌ಗಳು ಸಿಗದೆ ಬಿಲ್ಡ್ ನಿಲ್ಲುತ್ತದೆ.

ನಿಜವಾದ ತೊಡಕು, ಜಾವಾ ಕ್ಲಾಸ್‌ಗಳಿಗೆ ಪದೇ ಪದೇ ಬರೆಯಬೇಕಾದ ಕೋಡನ್ನು ತಾನೇ ಸೇರಿಸುವ ಲೊಂಬೊಕ್ ಲೈಬ್ರರಿಯದು. ಅದು ಸೃಷ್ಟಿಸುವ ಗೆಟರ್‌ಗಳು (ಕ್ಲಾಸ್‌ನೊಳಗಿನ ಮೌಲ್ಯವನ್ನು ಓದಿಕೊಡುವ ಮೆಥಡ್‌ಗಳು) ಜಾವಾ ಕಂಪೈಲರ್ ಓಡಿದಾಗಲಷ್ಟೇ ಹುಟ್ಟುವುದರಿಂದ, ಮೊದಲೇ ಓಡುವ ಕಾಟ್ಲಿನ್‌ಗೆ ಅವು ಕಾಣಿಸುವುದಿಲ್ಲ. ಕಾಟ್ಲಿನ್‌ನ ಲೊಂಬೊಕ್ ಪ್ಲಗಿನ್ ಸೇರಿಸುವುದು ಒಂದು ದಾರಿ. ಲೊಂಬೊಕ್ ಬಳಸುವ ಕ್ಲಾಸ್‌ಗಳು ಕೆಲವೇ ಇದ್ದರೆ, ಅವನ್ನೇ ಕಾಟ್ಲಿನ್ ಡೇಟಾ ಕ್ಲಾಸ್‌ಗಳಾಗಿ (ದತ್ತಾಂಶ ಹಿಡಿದಿಡಲೆಂದೇ ಇರುವ ಕ್ಲಾಸ್‌ಗಳಾಗಿ) ಬರೆಯುವುದೇ ಲೇಸೆಂದು ನನ್ನ ಅಭಿಪ್ರಾಯ.